ಬಿದಿರು ಹೂಬಿಟ್ಟ ವರ್ಷ

ನಾಗಪುರ
18-7-1960

ಅಣ್ಣನಿಗೆ ಗುರುಬಸವ್ವನ ನಮಸ್ಕಾರ.

ಕಾಗದದ ಮೊದಲ ಸಾಲಿನಲ್ಲೇ ಕ್ಷೇಮವೆಂದು ಬರೆಯುವುದು ವಾಡಿಕೆ. ನನಗೆ ರೈಲಿನ ಹೊಗೆ ಕುಡಿದು ಎರಡು ದಿನ ಗಂಟಲು ಕಟ್ಟಿತ್ತು, ಸಣ್ಣ ಜ್ವರವೂ ಬಂದಿತ್ತು. ಈಗ ಎಲ್ಲ ಬಿಟ್ಟಿದೆ. ಆದ್ದರಿಂದ ಇವತ್ತಿನಿಂದ ಕ್ಷೇಮ ಎಂದು ತಿಳಿ. ಜ್ವರದ ಸುದ್ದಿಯನ್ನು ಅವ್ವನಿಗೆ ಓದಿ ಹೇಳಬೇಡ.

ಅಳ್ನಾವರ ಸ್ಟೇಶನ್ನಿನಲ್ಲಿ ಗಾಡಿ ಬಿಡುವ ಮುಂಚೆ ನೀನು ಕೇಳಿದ್ದೆ, "ನೀ ಕಲಿಯೂದು ಏನು ಅಂತ ಡಿಪೋದಾಗ ಯಾರರ ಕೇಳಿದ್ರ ನಾ ಏನ ಹೇಳಲಿ?" ಅಂತ. ಆಗ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಈಗ ಹೇಳುತ್ತೇನೆ. ವಿಜ್ಞಾನಿಗಳು ಕಂಡುಕೊಂಡದ್ದನ್ನು ಸಾಲಿಯ ಮೆಟ್ಟಿಲು ಹತ್ತದವರಿಗೂ ತಿಳಿಯುವ ಹಾಗೆ ಪತ್ರಿಕೆಯಲ್ಲಿ ಬರೆಯುವ ವಿದ್ಯೆ ಇದು. ಪತ್ರಿಕೋದ್ಯಮದ ಎಂ.ಎ.ಯಲ್ಲಿ ಈ ವಿಷಯ ಈ ವರ್ಷವೇ ಶುರುವಾಗಿದೆ. ತೆಗೆದುಕೊಂಡವರು ನಾನು ಮತ್ತು ಅಮರಾವತಿಯ ಒಬ್ಬ ಹುಡುಗ, ಇಬ್ಬರೇ. ಎರಡು ವರ್ಷ ಓದಬೇಕು, ಕೊನೆಗೆ ಒಂದು ದೊಡ್ಡ ಪ್ರಬಂಧ ಬರೆದುಕೊಡಬೇಕು.

ನಮ್ಮ ಪ್ರೊಫೆಸರರು ಸಸ್ಯಶಾಸ್ತ್ರ ಕಲಿತು ಪತ್ರಿಕೆಗೆ ಬಂದವರು, ವಯಸ್ಸಾದವರು, ಸಿಟ್ಟಿನವರು. ಮೊದಲ ದಿನವೇ ಎರಡು ಕಟ್ಟಳೆ ಹಾಕಿದರು. ಬರೆಯುವಾಗ ಆ ವಿಷಯ ಏನೂ ಗೊತ್ತಿಲ್ಲದ ಒಬ್ಬರು ಎದುರಿಗೆ ಕೂತಿದ್ದಾರೆಂದು ತಿಳಿದು ಬರೆಯಬೇಕು. ಮತ್ತೆ ಯಾವ ಅಂಕಿಯನ್ನೂ ಇಬ್ಬರ ಬಾಯಿಂದ ಕೇಳದೆ ಬರೆಯಬಾರದು. ಆ ಹುಡುಗ ತನ್ನ ಎದುರಿಗೆ ಒಬ್ಬ ರೈತನನ್ನು ಕೂಡಿಸಿಕೊಂಡಿದ್ದಾನಂತೆ. ನಾನು ಅವ್ವನನ್ನು ಕೂಡಿಸಿಕೊಂಡಿದ್ದೇನೆ.

ಅಪ್ಪ ಹೋದ ಮೇಲೆ, ಮುಲ್ಕಿ ಪರೀಕ್ಷೆಯವರೆಗೆ ಮಾತ್ರ ಕಲಿತ ನೀನು ಡಿಪೋದಲ್ಲಿ ಬಿದಿರು ಎಣಿಸಿ ನನ್ನನ್ನು ಧಾರವಾಡದಲ್ಲಿ ಬಿ.ಎಸ್ಸಿ. ಓದಿಸಿದೆ. ಈಗ ಇಷ್ಟು ದೂರ ಕಳಿಸಿದೆ. ಎದುರಿಗೆ ನಿಂತಾಗ ಇದನ್ನು ಹೇಳಲು ನಾಚಿಕೆ ಬರುತ್ತದೆ. ಕಾಗದದಲ್ಲಿ ಹೇಳುತ್ತೇನೆ: ನಿನ್ನಿಂದ ನಾನು ಇಲ್ಲಿದ್ದೇನೆ.

ನಿನ್ನ ತಂಗಿ
ಗುರುಬಸವ್ವ

ಬಂಗೂರನಗರ, ದಾಂಡೇಲಿ
9-8-1960

ಚಿರಂಜೀವಿ ಗುರುಬಸವ್ವನಿಗೆ ಅಣ್ಣನ ಆಶೀರ್ವಾದಗಳು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಕಾಗದ ಒಡೆದ ಕೂಡಲೇ ಅವ್ವನ ಮುಂದೆ ಕೂತು ಗಟ್ಟಿಯಾಗಿ ಓದುತ್ತ ಹೋದೆ. "ಅವ್ವನಿಗೆ ಓದಿ ಹೇಳಬೇಡ" ಎಂಬ ಸಾಲು ಬರುವಷ್ಟರಲ್ಲಿ ಜ್ವರ, ಗಂಟಲು ಎಲ್ಲ ಓದಿ ಆಗಿತ್ತು. ಆ ಸಾಲನ್ನೂ ಓದಿಬಿಟ್ಟೆ. ಇನ್ನು ಮುಂದೆ ಬಚ್ಚಿಡಬೇಕಾದದ್ದನ್ನು ಕಾಗದದ ತಲೆಯ ಮೇಲೆ ಬರೆ. ಅವ್ವ ಸುಂಠಿ ಕುಟ್ಟಿ ಪುಡಿ ಮಾಡಿದ್ದಾಳೆ, ಪಾರ್ಸಲ್ ಬರುತ್ತದೆ.

ನಿನ್ನ ವಿದ್ಯೆಯ ವಿಷಯ ಡಿಪೋದಲ್ಲಿ ಹೇಳಿದೆ. ರೈಟರ್ ಮಹಾಂತಪ್ಪ, "ಅಂದ್ರ ಶಾಣ್ಯಾರ ಮಾತು ದಡ್ಡರಿಗೆ ತಿಳಿಸಿ ಹೇಳಾಕಿ ಅನ್ನು. ಮದಲ ನಮ್ಮ ಸಾಹೇಬರ ಮಾತು ನಮಗ ತಿಳಿಯೂ ಹಂಗ ಬರಿ ಅನ್ನು ಆಕಿಗೆ" ಅಂದ. ಅವ್ವ ಮಾತ್ರ ಅಕ್ಕಪಕ್ಕದವರಿಗೆ ನಿನ್ನನ್ನು ಡಾಕ್ಟರು ಎಂದೇ ಹೇಳುತ್ತಿದ್ದಾಳೆ. ಗುರುವಾರ ಇಬ್ಬರು ಮೊಣಕಾಲು ನೋವಿಗೆ ಔಷಧ ಕೇಳಿಕೊಂಡು ಬಂದಿದ್ದರು.

ನನಗೆ ಉಪಕಾರ ಹೇಳುವ ಕೆಲಸ ಬೇಡ. ನೀನು ಓದಿದ್ದನ್ನು ನಾನು ಇಲ್ಲಿ ಗಟ್ಟಿಯಾಗಿ ಓದುತ್ತೇನೆ, ಅರ್ಧ ವಿದ್ಯೆ ನನಗೂ ಬಂದ ಹಾಗೆ. ನಿನ್ನ ವೈನಿ ಸುಶೀಲವ್ವ ನೆನಪು ಹೇಳಿದ್ದಾಳೆ.

ಇತಿ ನಿನ್ನ ಅಣ್ಣ
ಉಳವಪ್ಪ

ದಾಂಡೇಲಿ
25-1-1961

ಚಿ. ಗುರುಬಸವ್ವನಿಗೆ ಆಶೀರ್ವಾದ.

ಇಲ್ಲಿ ಒಂದು ವಿಶೇಷ ನಡೆದಿದೆ. ಜೋಯಿಡಾ ಕಡೆಯ ಕಾಡಿನಲ್ಲಿ ಬಿದಿರು ಹೂಬಿಟ್ಟಿದೆ. ಒಂದು ಮೆಳೆ, ಎರಡು ಮೆಳೆ ಅಲ್ಲ, ಉಳವಿಯ ದಾರಿಯುದ್ದಕ್ಕೂ ಎಲ್ಲ ಮೆಳೆಗಳೂ ಒಮ್ಮೆಗೇ ಬಿಟ್ಟಿವೆ. ಎಲೆ ಉದುರಿ ಹೋಗಿ ತುದಿಯಲ್ಲಿ ಬರೀ ಹೊಟ್ಟಿನಂಥ ಹೂವು. ಇಷ್ಟು ವರ್ಷ ಬಿದಿರು ಎಣಿಸಿದ್ದೇನೆ, ಅದರ ಹೂವನ್ನು ನೋಡಿದ್ದು ಇದೇ ಮೊದಲು. ಇನ್ನೆರಡು ತಿಂಗಳಲ್ಲಿ ಬೀಜ ಉದುರುತ್ತದಂತೆ. ಹಳ್ಳಿಯ ಹೆಂಗಸರು ಈಗಲೇ ಮೆಳೆಯ ಬುಡ ಗುಡಿಸಿ ಸಾರಿಸುತ್ತಿದ್ದಾರೆ, ಬಿದಿರಕ್ಕಿ ಮಣ್ಣುಪಾಲಾಗಬಾರದೆಂದು.

ಅವ್ವನಿಗೆ ತೋರಿಸಲು ಒಂದು ರೆಂಬೆ ತಂದೆ. ಅದನ್ನು ಉಡಿಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ರೊಟ್ಟಿ ಬಡಿಯುವ ಹೊತ್ತಾದರೂ ಏಳಲಿಲ್ಲ, ಸುಶೀಲವ್ವನೇ ಬಡಿದಳು.

ಉಳವಪ್ಪ

ನಾಗಪುರ
3-2-1961

ಅಣ್ಣಾ,

ನಿನ್ನ ಕಾಗದವನ್ನು ಹಿಡಿದುಕೊಂಡೇ ಪ್ರೊಫೆಸರರ ಕೋಣೆಗೆ ಓಡಿದೆ. ನನ್ನ ಪ್ರಬಂಧದ ವಿಷಯ ಸಿಕ್ಕಿತು. ಬಿದಿರು ಬದುಕಿನಲ್ಲಿ ಒಂದೇ ಸಲ ಹೂಬಿಡುತ್ತದೆ, ಬೀಜ ಉದುರಿಸಿ ಸಾಯುತ್ತದೆ. ಒಂದು ಹೂವಿನಿಂದ ಇನ್ನೊಂದು ಹೂವಿಗೆ ಎಷ್ಟು ವರ್ಷ ಎಂಬುದು ಪ್ರತಿ ಸೀಮೆಗೂ ಬೇರೆ. ನಮ್ಮ ಕಡೆಯ ಲೆಕ್ಕವನ್ನು ಊರಿನ ಜನರ ನೆನಪಿನಿಂದಲೇ ತೆಗೆದು ಬರೆ ಎಂದಿದ್ದಾರೆ.

ಈ ಹಿಂದೆ ನಮ್ಮ ಸೀಮೆಯಲ್ಲಿ ಬಿದಿರು ಹೂಬಿಟ್ಟದ್ದು ಯಾವ ವರ್ಷ ಎಂದು ಅವ್ವನನ್ನು ಕೇಳಿ ಬರೆ. ಅವ್ವನಿಗೆ ಇಸವಿ ಗೊತ್ತಿರುವುದಿಲ್ಲ. ಆಗ ಮನೆಯಲ್ಲಿ ಏನಾಗಿತ್ತು, ಊರಲ್ಲಿ ಏನಾಗಿತ್ತು ಎಂದು ಕೇಳು. ಉಳಿದದ್ದು ನಾನು ಹುಡುಕಿಕೊಳ್ಳುತ್ತೇನೆ. ನನ್ನ ಇಡೀ ಪ್ರಬಂಧ ಆ ಒಂದು ವರ್ಷದ ಮೇಲೆ ನಿಲ್ಲುತ್ತದೆ.

ಗುರುಬಸವ್ವ

ದಾಂಡೇಲಿ
16-2-1961

ಚಿ. ಗುರುಬಸವ್ವನಿಗೆ ಆಶೀರ್ವಾದ.

ಅವ್ವನನ್ನು ಕೇಳಿದೆ. ನಾನು ಹುಟ್ಟಿದ ವರ್ಷವಂತೆ. ಆಗ ನಾವು ಇನ್ನೂ ಹಳಿಯಾಳದ ಕಡೆಯ ಹಳ್ಳಿಯಲ್ಲೇ ಇದ್ದೆವು, ಅಪ್ಪ ಕಾಡಿನಿಂದ ಕಟ್ಟಿಗೆಯ ಗಾಡಿ ಹೊಡೆಯುತ್ತಿದ್ದ. ಬಾಣಂತನದಲ್ಲಿ ಅವ್ವನಿಗೆ ಬಿದಿರಕ್ಕಿಯ ಗಂಜಿ ಕುಡಿಸಿದ್ದರಂತೆ, ಸ್ವಲ್ಪ ಸಿಹಿ ಇರುತ್ತದಂತೆ. ಅದಕ್ಕಿಂತ ಹೆಚ್ಚು ಕೇಳಬೇಡ ಎಂದು ಎದ್ದು ಹೋದಳು.

ಸಾಲಿಯ ದಾಖಲೆಯಲ್ಲಿ ನನ್ನ ಹುಟ್ಟು 1926. ತಿಂಗಳು, ತಾರೀಖನ್ನು ಮಾಸ್ತರರು ತಮಗೆ ಅನುಕೂಲವಾದ ಹಾಗೆ ಬರೆದುಕೊಂಡಿದ್ದಾರೆ, ನಮ್ಮ ಸಾಲಿಯ ಹುಡುಗರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಇಸವಿ ಮಾತ್ರ ಸರಿ. ಅವ್ವನ ಮಾತು ಒಂದು, ದಾಖಲೆ ಒಂದು, ನಿನ್ನ ಪ್ರೊಫೆಸರರ ಎರಡು ಸಾಕ್ಷಿ ಆದವಲ್ಲ.

ಉಳವಪ್ಪ

ನಾಗಪುರ
20-8-1961

ಅಣ್ಣನಿಗೆ ನಮಸ್ಕಾರ.

ಹುಬ್ಬಳ್ಳಿಯ ವಾರಪತ್ರಿಕೆಯಲ್ಲಿ ನನ್ನ ಲೇಖನ ಅಚ್ಚಾಗಿದೆ. ಪ್ರಬಂಧದ ಒಂದು ಭಾಗವನ್ನೇ ಕನ್ನಡದಲ್ಲಿ ಬರೆದು ಕಳಿಸಿದ್ದೆ. ಪತ್ರಿಕೆ ನಿನಗೂ ಅಂಚೆಯಲ್ಲಿ ಬರುತ್ತದೆ. ಬರುವುದರೊಳಗೆ ಈ ಒಂದು ಭಾಗವನ್ನು ಓದು:

"ಹಳಿಯಾಳ ಸೀಮೆಯ ಕೆಂಚವ್ವ ಎಂಬ ತಾಯಿಗೆ ಇಸವಿಗಳು ತಿಳಿಯವು. ಆದರೆ ತಮ್ಮ ಮಗ ಉಳವಪ್ಪ ಹುಟ್ಟಿದ ವರ್ಷ ಬಿದಿರು ಹೂಬಿಟ್ಟದ್ದು ಅವರಿಗೆ ಚೆನ್ನಾಗಿ ನೆನಪಿದೆ. ಅದು 1926. ಇಂದಿಗೆ ಮೂವತ್ತೈದು ವರ್ಷ. ಅಂದರೆ ಈ ಕಾಡಿನ ಬಿದಿರಿನ ಆಯುಷ್ಯ ಮೂವತ್ತೈದು ವರ್ಷ ಎಂದು ಒಬ್ಬ ತಾಯಿ ನಮಗೆ ತಿಳಿಸಿಕೊಟ್ಟಂತಾಯಿತು."

ಪ್ರೊಫೆಸರರು ಇದನ್ನು ಮರಾಠಿಯಲ್ಲಿ ಹೇಳಿಸಿಕೊಂಡು ತಮ್ಮ ಡಬ್ಬಿಯಿಂದ ಒಂದು ಅಡಿಕೆ ಹೋಳು ಕೊಟ್ಟರು. ಅದು ಅವರ ದೊಡ್ಡ ಬಹುಮಾನವಂತೆ. ಫೆಬ್ರುವರಿಯಲ್ಲಿ ಪ್ರಬಂಧ ಒಪ್ಪಿಸಿದರೆ ಪದವಿ ಕೈಗೆ ಬರುತ್ತದೆ. ಅವ್ವನ ಹೆಸರು, ನಿನ್ನ ಹೆಸರು ಎರಡೂ ಅಚ್ಚಿನಲ್ಲಿ ಬಂದವು. ಇಷ್ಟು ಸಂತೋಷ ನನಗೆ ಬಿ.ಎಸ್ಸಿ. ಪಾಸಾದಾಗಲೂ ಆಗಿರಲಿಲ್ಲ.

ಅವ್ವ ಏನೆಂದಳು, ಅವಳ ಮಾತಿನಲ್ಲೇ ಬರೆ.

ಗುರುಬಸವ್ವ

ದಾಂಡೇಲಿ
7-9-1961

ಚಿ. ಗುರುಬಸವ್ವನಿಗೆ ಆಶೀರ್ವಾದ.

ಪತ್ರಿಕೆ ಬಂತು. ಊಟದ ಬಿಡುವಿನಲ್ಲಿ ಡಿಪೋದಲ್ಲಿ ನಿಂತು ಓದಿದೆ. ಲಾರಿಯವರೂ ಇಳಿದು ಬಂದು ಕೇಳಿದರು. ನನ್ನ ಹೆಸರು ಬಂದಾಗ ಮಹಾಂತಪ್ಪ, "ಇಂವ ಹುಟ್ಟಿದ್ದಕ್ಕ ಕಾಡಿಗೆ ಕಾಡ ಹೂ ಬಿಟ್ಟಿತ್ತಂತ್ರಿಪಾ, ನಾಳಿಯಿಂದ ಇವಗ ಎದ್ದು ನಿಂತು ಶರಣ ಮಾಡ್ರಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಯಲ್ಲಿ ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಸಂತೋಷಕ್ಕೆ ಮಾತು ಕಟ್ಟಿರಬೇಕು. ತನ್ನ ಹೆಸರು ಪೇಪರಿನಲ್ಲಿ ಬಂದರೆ ಯಾವ ಹೆಂಗಸಿಗಾದರೂ ಸಂಕೋಚವಾಗುತ್ತದೆ. ನಾಲ್ಕು ದಿನದಿಂದ ಊಟ ಸ್ವಲ್ಪ ಕಡಿಮೆ ಮಾಡಿದ್ದಾಳೆ ಎಂದು ಸುಶೀಲವ್ವ ಹೇಳುತ್ತಾಳೆ, ಹವೆಯ ದೋಷವಿರಬೇಕು. ನೀನು ಮನಸ್ಸಿಗೆ ಹಚ್ಚಿಕೊಳ್ಳದೆ ಪ್ರಬಂಧ ಮುಗಿಸು.

ಉಳವಪ್ಪ

ದಾಂಡೇಲಿ
2-10-1961

ಮಗಳು ಗುರುಬಸವ್ವಗ ನಿಮ್ಮವ್ವ ಕೆಂಚವ್ವ ಮಾಡೂ ಆಶೀರ್ವಾದ.

ಈ ಕಾಗದ ಬರಿಯಾಕತ್ತಾಂವ ಪೋಸ್ಟಿನ ಪರಸಪ್ಪ. ನಾ ಹೇಳಿದಂಗ ಬರಿ, ನಡುವ ನಿನ್ನ ಮಾತ ಸೇರಸಬ್ಯಾಡ ಅಂತ ಹೇಳೀನಿ. ಯಾರ ಮುಂದೂ ಬಾಯಿ ಬಿಡಂಗಿಲ್ಲಂತ ಆಣಿ ಮಾಡಿಸೀನಿ. ನಿಮ್ಮಣ್ಣ ಕೆಲಸಕ್ಕ ಹೋಗ್ಯಾನ. ಅವಗ ಈ ಕಾಗದದ ಸುದ್ದಿ ಗೊತ್ತಿಲ್ಲ, ಗೊತ್ತಾಗಬಾರದು.

ನೀ ಬರದದ್ದು ಕೇಳಿದೆ. ಬಿದಿರ ಯಾಕ ಸಾಯತೈತಿ, ಬೀಜ ಹೆಂಗ ಉದರತಾವ, ಎಲ್ಲಾ ನನಗ ತಿಳೀತು. ಬಾಳ ಚೊಲೋ ಬರದೀದಿ. ವರ್ಷ ಅಷ್ಟ ತಪ್ಪೈತಿ.

ಬಿದಿರ ಹೂ ಬಿಟ್ಟದ್ದು ಉಳವಪ್ಪ ಹುಟ್ಟಿದ ವರ್ಷನ. ಆದ್ರ ಆ ಉಳವಪ್ಪ ನಿಮ್ಮಣ್ಣ ಅಲ್ಲ. ಇವನಕಿಂತ ಮದಲ ನನಗೊಂದು ಗಂಡ ಕೂಸಿತ್ತು. ಚೊಚ್ಚಲ. ಉಳವಿ ದೇವರ ಹೆಸರ ಇಟ್ಟಿದ್ವಿ. ಬಿದಿರಕ್ಕಿ ಗಂಜಿ ನಾ ಕುಡದದ್ದು ಆ ಬಾಣಂತನದಾಗ. ಮರುವರ್ಷ ಮಾನಮೋಡಿ ಜಡ್ಡ ಬಂತು. ಮನಿಮನ್ಯಾಗ ಮಂದಿ ಸತ್ರು, ಹೊರಾಕ ಆಳ ಸಿಗಲಿಲ್ಲ. ಅದರಾಗ ನನ್ನ ಕೂಸೂ ಹೋತು. ಎರಡ ತುಂಬಿದ್ದಿಲ್ಲ. ಅಂಗಳದ ತುಂಬ ಓಡ್ಯಾಡತಿತ್ತು.

ಅದರ ಮ್ಯಾಲ ಎಂಟ ವರ್ಷ ನನ್ನ ಉಡಿ ತುಂಬಲಿಲ್ಲ. ನಿಮ್ಮಣ್ಣ ಹುಟ್ಟಿದಾಗ ನಿಮ್ಮಪ್ಪ ಹೋದಾಂವನ ಹೆಸರನ್ನ ಇವಗ ಇಟ್ಟ. ನಮ್ಮ ಮನ್ಯಾಗ ಹಂಗ ಇಡೂ ಪದ್ಧತಿ. ಆದ್ರ ಹೋದಾಂವನ ಸುದ್ದಿ ಬಂದಾಂವನ ಕಿವಿಗೆ ಬೀಳಬಾರದು, ಬಿದ್ರ ಅಂವ ಇವನ್ನ ಕರಕೊಂಡ ಹೋಗತಾನ ಅಂತ ನಮ್ಮತ್ತಿ ಹೇಳಿದ್ಲು. ಅವತ್ತಿಂದ ನಾ ಆ ಕೂಸಿನ ಮಾತ ತಗದಿಲ್ಲ. ಅಳೂದನ್ನ ಸೈತ ಬಿಟ್ಟೆ.

ನೀ ಬಿದಿರಿನ ವರ್ಷ ಕೇಳಿಸಿದಾಗ ಬಾಯಿ ತಪ್ಪಿ ಹೆಸರ ಬಂತು. ನಾ ಸುಳ್ಳ ಹೇಳಿಲ್ಲ ಬಸವ್ವಾ. ಪೂರಾನೂ ಹೇಳಲಿಲ್ಲ. ನೀ ನನ್ನ ನಂಬಿ ಬರದಿ. ನನ್ನಿಂದ ನಿನ್ನ ಓದಿಗೆ ಕುಂದ ಬರಬಾರದು. ವರ್ಷ ತಿದ್ದಕೋ. ನಿಮ್ಮಣ್ಣಗ ತಿಳೀದಂಗ ತಿದ್ದು. ಅದು ಹೆಂಗಂತ ನನಗ ಗೊತ್ತಿಲ್ಲ, ನೀ ಓದಿದಾಕಿ.

ಈ ಕಾಗದ ಒಲಿಗೆ ಹಾಕು.

ಕೆಂಚವ್ವ, ಎಡಗೈ ಹೆಬ್ಬಟ್ಟು

ನಾಗಪುರ
28-11-1961

ಅಣ್ಣನಿಗೆ ನಮಸ್ಕಾರ.

ಎರಡು ತಿಂಗಳು ಕಾಗದ ಬರೆಯಲಿಲ್ಲ. ನಿನ್ನ ಮೂರೂ ಕಾಗದ ಬಂದಿವೆ. ಜಡ್ಡೇನೂ ಇಲ್ಲ, ಅವ್ವನಿಗೆ ಹಾಗೆಂದು ಹೇಳು.

ನನ್ನ ಲೇಖನದಲ್ಲಿ ವರ್ಷದ ಅಂಕಿ ತಪ್ಪಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ, ಪ್ರೊಫೆಸರರಿಗೆ ಹೇಳಿದೆ. ತಪ್ಪು ಎಲ್ಲಿ ಅಚ್ಚಾಯಿತೋ ಅಲ್ಲೇ ತಿದ್ದುಪಡಿ ಅಚ್ಚಾಗಬೇಕು, ತಪ್ಪು ಹೇಗಾಯಿತು ಎಂಬುದೂ ಅದರಲ್ಲಿರಬೇಕು, ಅಲ್ಲಿಯವರೆಗೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದರು. ಅವರು ಹೇಳಿದ್ದು ನ್ಯಾಯ. ಆದರೆ ಆ ತಿದ್ದುಪಡಿಯನ್ನು ನಾನು ಬರೆಯುವ ಹಾಗಿಲ್ಲ. ಏಕೆಂದು ಕೇಳಬೇಡ. ತಪ್ಪು ವರ್ಷವನ್ನೇ ಇಟ್ಟುಕೊಂಡು ಪದವಿ ಪಡೆಯುವುದೂ ನನ್ನಿಂದಾಗದು.

ಡಿಸೆಂಬರ್ ಕೊನೆಗೆ ಹಾಸ್ಟೆಲ್ಲು ಬಿಟ್ಟು ಬರುತ್ತೇನೆ. ಹಳಿಯಾಳದಲ್ಲೋ ಮುಂಡಗೋಡದಲ್ಲೋ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಗಬಹುದು. ನಿನ್ನ ಇಷ್ಟು ವರ್ಷದ ದುಡಿಮೆಗೆ ನಾನು ಮಣ್ಣು ಹಾಕಿದೆ. ಅದೊಂದಕ್ಕೆ ಅಳು ಬರುತ್ತದೆ. ಉಳಿದದ್ದಕ್ಕೆ ಇಲ್ಲ.

ಗುರುಬಸವ್ವ

ದಾಂಡೇಲಿ
9-12-1961

ಗುರುಬಸವ್ವಾ,

ಈ ಕಾಗದವನ್ನು ಗಟ್ಟಿಯಾಗಿ ಓದಬೇಡ. ನಿನ್ನದನ್ನು ನಾನೂ ಈ ಸಲ ಮೊದಲು ಒಬ್ಬನೇ ಓದಿದೆ.

ಪೋಸ್ಟಿನ ಪರಸಪ್ಪ ಎರಡು ತಿಂಗಳಿಂದ ನನ್ನ ಮುಖ ನೋಡದೆ ಟಪಾಲು ಕೊಟ್ಟು ಹೋಗುತ್ತಿದ್ದಾನೆ. ಯಾಕೆಂದು ತಿಳಿದಿರಲಿಲ್ಲ, ನಿನ್ನ ಕಾಗದ ಓದಿದ ಮೇಲೆ ತಿಳಿಯಿತು. ಅವನನ್ನು ಕೇಳಲು ಹೋಗಲಿಲ್ಲ. ಪಾಪ, ಅವ್ವ ಆಣೆ ಮಾಡಿಸಿರುತ್ತಾಳೆ. ಅವ್ವ ನಿನಗೆ ಬರೆಸಿದ್ದು ಏನೆಂದು ನಾನೇ ಹೇಳುತ್ತೇನೆ: ನನಗಿಂತ ಮೊದಲು ಇನ್ನೊಬ್ಬ ಉಳವಪ್ಪ ಹುಟ್ಟಿದ್ದ, ತೀರಿಹೋದ, ಅದು ನನ್ನ ಕಿವಿಗೆ ಬೀಳಬಾರದು. ಹೌದಲ್ಲ?

ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪನ ತಂಗಿ ಗೋದುಬಾಯಿ ಅತ್ತಿಯ ಸಂಗಡ ಉಳವಿಗೆ ನಡೆದು ಹೋಗಿದ್ದೆ. ದಾರಿಯಲ್ಲಿ ದಣಿದು ಕೂತಾಗ ಅತ್ತಿ, "ನಿನ್ನ ಹೆಸರಿನಾಂವ ಇನ್ನೊಬ್ಬ ಇದ್ದ, ಹೆಗಲ ಮ್ಯಾಲಿಂದ ಇಳೀತಿದ್ದಿಲ್ಲ, ನೀನರ ನಡಿಯೋ ಮಾರಾಯಾ" ಅಂದಳು. ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಡಿ ಬೇಡಿ ಎಲ್ಲ ಹೇಳಿಸಿಕೊಂಡೆ. ಅವ್ವನಿಗೆ ಗೊತ್ತಾದರೆ ಅವಳು ಹೆದರಿ ಸಾಯುತ್ತಾಳೆ ಎಂದು ಅತ್ತಿ ಹೇಳಿದ್ದಕ್ಕೆ ಬಾಯಿ ಬಿಡಲಿಲ್ಲ. ಅವ್ವ ನನಗಾಗಿ ಬಚ್ಚಿಟ್ಟಳು, ನಾನು ಅವ್ವನಿಗಾಗಿ ಬಚ್ಚಿಟ್ಟೆ.

ಈಗ ಮುಖ್ಯ ಮಾತು. ನಿನ್ನ ಅಂಕಿ ತಪ್ಪಿಸಿದವನು ನಾನು. ಅವ್ವ ನನ್ನನ್ನು ಯಾವತ್ತೂ ಹೆಸರು ಹಿಡಿದು ಕರೆದಿಲ್ಲ, ನೀನು ಗಮನಿಸಿದ್ದೀಯೋ ಇಲ್ಲವೋ. "ಯಪ್ಪಾ ಬಾ, ಯಪ್ಪಾ ಉಣ್ಣು," ಅಷ್ಟೇ. ಮಂದಿಯ ಮುಂದೆ "ನಮ್ಮ ಹುಡುಗ" ಅನ್ನುತ್ತಾಳೆ. ಬಿದಿರಿನ ವರ್ಷ ಕೇಳಿದ ದಿನ ಮಾತ್ರ, "ಉಳವಪ್ಪ ಹುಟ್ಟಿದ ವರ್ಷ" ಅಂದಳು. ಹೆಸರು ಬಂದ ಕೂಡಲೇ ಅದು ನನ್ನ ವಿಷಯದ ಮಾತಲ್ಲ ಎಂದು ನನಗೆ ತಿಳಿಯಿತು. ತಿಳಿದೂ ನಿನಗೆ "ನಾನು ಹುಟ್ಟಿದ ವರ್ಷ" ಎಂದು ಬರೆದೆ.

ಯಾಕೆ ಬರೆದೆ ಎಂದು ಬಹಳ ಯೋಚಿಸಿದ್ದೇನೆ. ಹೆಸರಂತೂ ಅವನದು, ಆ ಹೂವಿನ ವರ್ಷವಾದರೂ ನನ್ನದಾಗಲಿ ಅನಿಸಿತು. ಮೂವತ್ತೈದು ವರ್ಷದ ಗಂಡಸು, ಎರಡು ಮಕ್ಕಳ ತಂದೆ, ಎರಡು ತುಂಬದ ಕೂಸಿನ ಸಂಗಡ ಹೊಟ್ಟೆಕಿಚ್ಚು ಪಟ್ಟೆ. ಡಿಪೋದಲ್ಲಿ ಎಲ್ಲರೂ ನಕ್ಕಾಗ ನಾಚಿಕೆಯಾಯಿತು, ಆದರೂ ನಿನಗೆ ಬರೆಯಲು ಧೈರ್ಯವಾಗಲಿಲ್ಲ. ಒಂದು ಅಂಕಿಯಿಂದ ನಿನ್ನ ಪದವಿ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ತಪ್ಪಾಯಿತು, ಕ್ಷಮಿಸು.

ನಿನ್ನ ಕಾಗದ ಬಂದ ಮರುದಿನ ರಜೆ ಹಾಕಿ, ಬಸ್ಸು ಬದಲಿಸುತ್ತ ಅವ್ವನ ತವರಿಗೆ, ಮಳಗಿಗೆ ಹೋದೆ. ಗೂಳಪ್ಪ ಮಾವನಿಗೆ ಈಗ ಕಣ್ಣು ಮಂಜು, ನೆನಪು ಗಟ್ಟಿ. ಅವನು ಹೇಳಿದ್ದನ್ನು ಹಾಗೇ ಬರೆದುಕೊಂಡು ಬಂದಿದ್ದೇನೆ: "ಅಕ್ಕನ ಚೊಚ್ಚಲ ಕೂಸಿನ ತೊಟ್ಲ ಕಾರ್ಯಕ್ಕ ನಮ್ಮಪ್ಪ, ನಾನು ಗಾಡಿ ಕಟ್ಟಿಕೊಂಡ ಹೋಗಿದ್ವಿ. ಆಗ ಬಿದಿರಕ್ಕಿ ಉದರತಿತ್ತು. ತಿರುಗಿ ಬರೂವಾಗ ಎರಡ ಚೀಲ ಹೇರಕೊಂಡ ಬಂದ್ವಿ. ಮುಂದಿನ ವರ್ಷ ಸುಗ್ಗಿಗೆ ಮದಲ ಮಾನಮೋಡಿ ಬಂತು." ಕೆಳಗೆ ಅವನ ಹೆಬ್ಬಟ್ಟು ಇದೆ, ಅದನ್ನೂ ಇದರೊಳಗೆ ಇಟ್ಟಿದ್ದೇನೆ. ನಿನ್ನ ಎರಡನೆಯ ಸಾಕ್ಷಿ. ಈ ಸಲ ಖರೇ ಸಾಕ್ಷಿ.

ತಿದ್ದುಪಡಿ ಬರೆ. ಅವನ ಹೆಸರು ಹಾಕಿಯೇ ಬರೆ. ಅವ್ವನನ್ನು ನನಗೆ ಬಿಡು.

ಉಳವಪ್ಪ

ನಾಗಪುರ
20-1-1962

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಹಾಸ್ಟೆಲ್ಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದಿದೆ. ಯಾರೂ ನೋಡದ ಜಾಗ ಅದೊಂದೇ. ಎಷ್ಟು ಅತ್ತೆ ಎಂದು ಬರೆಯುವುದಿಲ್ಲ.

ನೀನು ಕ್ಷಮೆ ಕೇಳಬಾರದು. ತಪ್ಪು ನನ್ನದು. ಒಬ್ಬರ ಮಾತನ್ನೇ ಎರಡು ಕಡೆಯಿಂದ ಕೇಳಿ ಇಬ್ಬರು ಸಾಕ್ಷಿ ಎಂದು ತಿಳಿದೆ. ಅವ್ವ ಅಂದದ್ದನ್ನು ಅವಳ ಮಾತಿನಲ್ಲೇ ಬರೆ ಎಂದು ಆ ದಿನವೇ ನಿನಗೆ ಹೇಳಿದ್ದರೆ ಸಾಕಿತ್ತು. ಅಕ್ಟೋಬರಿನಲ್ಲಿ, ತಿದ್ದುಪಡಿ ನಿನ್ನ ಕಣ್ಣಿಗೆ ಬೀಳದಿರಲೆಂದು, ಈ ತಿಂಗಳ ಪತ್ರಿಕೆಗಳನ್ನು ತರಿಸಬೇಡ ಎಂದು ನಿನಗೆ ಬರೆಯೋಣವೆಂದು ನಾಲ್ಕು ಸಲ ಕೂತಿದ್ದೆ. ಹಾಗೆ ಬರೆದಿದ್ದರೆ ನೀನು ಎರಡು ಪ್ರತಿ ತರಿಸುವವನು.

ಪ್ರೊಫೆಸರರಿಗೆ ಎಲ್ಲ ಹೇಳಿದೆ. ಮಾನಮೋಡಿ ಎಂದರೆ 1918ರ ಇನ್‌ಫ್ಲುಯೆಂಜಾ, ಅದಕ್ಕೆ ಪುಸ್ತಕದ ಆಧಾರವಿದೆ. ಅದರ ಹಿಂದಿನ ವರ್ಷ ಬಿದಿರಿನ ವರ್ಷ. ಗೂಳಪ್ಪ ಮಾವನ ಹೆಬ್ಬಟ್ಟನ್ನು ಅವರು ಕನ್ನಡಕ ಏರಿಸಿ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, ತಮಗೂ ಆ ವರ್ಷ ಒಬ್ಬ ತಂಗಿ ಹೋದಳೆಂದು ಹೇಳಿದರು. ತಿದ್ದುಪಡಿ ಅಚ್ಚಾಗುವವರೆಗೆ ಕಾಯದೆ ಪ್ರಬಂಧಕ್ಕೆ ಅವತ್ತೇ ಸಹಿ ಹಾಕಿದರು. ತಿದ್ದುಪಡಿ ಫೆಬ್ರುವರಿ ಮೊದಲ ವಾರದ ಸಂಚಿಕೆಯಲ್ಲಿ ಬರುತ್ತದೆ. ಹೀಗೆ ಬರೆದಿದ್ದೇನೆ:

"ಆಗಸ್ಟ್ ತಿಂಗಳಲ್ಲಿ ಪ್ರಕಟವಾದ ನನ್ನ ಲೇಖನದಲ್ಲಿ ಹಳಿಯಾಳ ಸೀಮೆಯ ಬಿದಿರು ಹಿಂದೆ ಹೂಬಿಟ್ಟದ್ದು 1926ರಲ್ಲಿ ಎಂದಿತ್ತು. ಅದು ತಪ್ಪು. ಸರಿಯಾದ ವರ್ಷ 1917. ಆ ವರ್ಷ ಹುಟ್ಟಿದವನು ಕೆಂಚವ್ವ ಹಾಗೂ ದಿವಂಗತ ಶಿವಲಿಂಗಪ್ಪ ಇವರ ಹಿರಿಯ ಮಗ ಉಳವಪ್ಪ. ಅವನು 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡ. ಅವನ ಹೆಸರನ್ನೇ ಪಡೆದ ತಮ್ಮ 1926ರಲ್ಲಿ ಹುಟ್ಟಿದನು. ಇಬ್ಬರನ್ನು ಒಬ್ಬನೆಂದು ತಿಳಿದದ್ದು ಲೇಖಕಿಯ ಅಜಾಗ್ರತೆ. ತಾಯಿ ಹೇಳಿದ್ದು ಸರಿಯಾಗಿಯೇ ಇತ್ತು. ಈ ಬಿದಿರಿನ ಆಯುಷ್ಯ ನಲವತ್ತನಾಲ್ಕು ವರ್ಷ."

ಅವ್ವನಿಗೆ ಯಾವಾಗ ಓದುತ್ತೀಯೋ, ಹೇಗೆ ಓದುತ್ತೀಯೋ, ನಿನ್ನ ಮೇಲೆ ಭಾರ ಹಾಕಿದ್ದೇನೆ. ಓದಿದ ಮೇಲೆ ಅವ್ವ ಊಟ ಮಾಡಿದಳೋ ಇಲ್ಲವೋ, ಅದನ್ನು ಮೊದಲು ಬರೆ.

ನಿನ್ನ ತಂಗಿ
ಗುರುಬಸವ್ವ

ದಾಂಡೇಲಿ
18-2-1962

ಚಿ. ಗುರುಬಸವ್ವನಿಗೆ ಆಶೀರ್ವಾದ.

ಅವ್ವ ಊಟ ಮಾಡಿದಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಮಜ್ಜಿಗೆ. ಇನ್ನು ಮುಂದಿನದನ್ನು ಸಾವಕಾಶವಾಗಿ ಓದು.

ಪತ್ರಿಕೆ ಬಂದ ದಿನ ಡಿಪೋದಲ್ಲಿ ಓದಲಿಲ್ಲ. ರವಿವಾರ ಸುಶೀಲವ್ವ ಮಕ್ಕಳನ್ನು ಕರೆದುಕೊಂಡು ಸಂತೆಗೆ ಹೋದ ಮೇಲೆ ಅವ್ವನ ಮುಂದೆ ಕೂತೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. "ಹಿರಿಯ ಮಗ" ಎಂಬಲ್ಲಿಗೆ ಬಂದ ಕೂಡಲೇ ಎದ್ದು ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಅವರೆಕಾಯೆಲ್ಲ ನೆಲಕ್ಕೆ ಚೆಲ್ಲಿತು.

ನಾನು ಆ ಕೈ ಇಳಿಸಿ ಹಿಡಿದುಕೊಂಡೆ. "ಅವ್ವಾ, ನನಗಿದು ಹನ್ನೆರಡನೇ ವರ್ಷದಾಗನ ಗೊತ್ತಾಗೇತಿ. ಅತ್ತಿ ಹೇಳಿದ್ಲು. ಇಪ್ಪತ್ತನಾಕ ವರ್ಷ ಆತು. ಅಂವ ನನ್ನ ಕರೀಲಿಲ್ಲ, ನಾ ಎಲ್ಲಿಗೂ ಹೋಗಲಿಲ್ಲ. ಇಲ್ಲೇ ಅದೀನಿ ನೋಡು" ಅಂದೆ.

ಅವ್ವ ನನ್ನ ಮುಖವನ್ನು, ತೋಳನ್ನು, ಎದೆಯನ್ನು ಮುಟ್ಟಿ ನೋಡಿದಳು. "ಇಪ್ಪತ್ತನಾಕ ವರ್ಷ ಆತು?" ಎಂದು ಎರಡು ಸಲ ಕೇಳಿದಳು. ಬೆರಳು ಮಡಚಿ ತಾನೇ ಲೆಕ್ಕ ಹಾಕಿದಳು. ಲೆಕ್ಕ ಮುಗಿದ ಮೇಲೆ ಅತ್ತಳು. ಅವ್ವ ಹಾಗೆ ಅತ್ತದ್ದನ್ನು ಅಪ್ಪ ಹೋದಾಗಲೂ ನಾನು ನೋಡಿರಲಿಲ್ಲ. ನಾನೂ ಅತ್ತೆ. ನಂತರ, "ಮದಲಿಂದ ಓದು" ಅಂದಳು.

ಪೂರ್ತಿ ಓದಿದೆ. "ತಾಯಿ ಹೇಳಿದ್ದು ಸರಿಯಾಗಿಯೇ ಇತ್ತು" ಎಂಬ ಸಾಲನ್ನು ಮತ್ತೆ ಓದಿಸಿದಳು. ನಿನಗೆ ಹೀಗೆ ತಿಳಿಸಲು ಹೇಳಿದ್ದಾಳೆ: "ನನ್ನ ಕೂಸು ಹುಟ್ಟಿದ್ದನ್ನ ಯಾರೂ ಬರದ ಇಟ್ಟಿದ್ದಿಲ್ಲ, ಹೋದದ್ದನ್ನೂ ಬರದ ಇಟ್ಟಿದ್ದಿಲ್ಲ. ನನ್ನ ಮಗಳು ಬರದ್ಲು. ಆಕಿ ಹೊಟ್ಟಿ ತಣ್ಣಗಿರಲಿ."

ಅವತ್ತಿಡೀ ದಿನ ಅವ್ವ ಅವನ ಮಾತನ್ನೇ ಆಡಿದಳು. ಸುಶೀಲವ್ವ ಬಂದ ಮೇಲೆ ಅವಳಿಗೂ ಹೇಳಿದಳು. ಎಡಗೈಯಿಂದ ಉಣ್ಣುತ್ತಿದ್ದನಂತೆ. ಎತ್ತಿನ ಗಂಟೆಯ ಸಪ್ಪಳ ಕೇಳಿದರೆ ಅಪ್ಪ ಬಂದನೆಂದು ಅಂಗಳಕ್ಕೆ ಓಡುತ್ತಿದ್ದನಂತೆ. ಊಟಕ್ಕೆ ಬಡಿಸುವಾಗ ನನ್ನ ಕಡೆ ನೋಡಿ, "ಇನ್ನೊಂದ ರೊಟ್ಟಿ ಹಾಕಸಕೋ ಉಳವಪ್ಪಾ" ಅಂದಳು. ಸುಶೀಲವ್ವ ಕೈಯಲ್ಲಿ ರೊಟ್ಟಿ ಹಿಡಿದು ಹಾಗೇ ನಿಂತಳು. ನಾನು ಮೂರು ರೊಟ್ಟಿ ತಿಂದೆ.

ಗುರುಬಸವ್ವಾ, ನೀನು ಮಾತು ಬಂದಾಗಿನಿಂದ ನನ್ನನ್ನು ಅಣ್ಣ ಎನ್ನುತ್ತಿದ್ದೀಯ. ಅಪ್ಪ ಹೋದ ಮೇಲೆ ಈ ಮನೆಗೆ ನಾನೇ ಹಿರಿಯ. ಅದು ದಣಿವಿನ ಕೆಲಸ, ಯಾರಿಗೂ ಹೇಳಿರಲಿಲ್ಲ. ಯಾರನ್ನಾದರೂ ಅಣ್ಣ ಎಂದು ಕರೆಯುವ ಯೋಗ ನನಗಿಲ್ಲ ಎಂದುಕೊಂಡಿದ್ದೆ. ನಿನ್ನೆ ಡಿಪೋದಲ್ಲಿ ನಿನ್ನ ತಿದ್ದುಪಡಿಯನ್ನು ಎಲ್ಲರ ಮುಂದೆ ಓದಿದೆ. ಮಹಾಂತಪ್ಪ ಈ ಸಲ ನಗಲಿಲ್ಲ, "ಯಾರಪಾ ಇಂವ, ಇನ್ನೊಬ್ಬ ಉಳವಪ್ಪ?" ಎಂದು ಮೆಲ್ಲಗೆ ಕೇಳಿದ.

"ನಮ್ಮಣ್ಣ" ಅಂದೆ.

ಇತಿ
ಉಳವಪ್ಪ